ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟ ಮದ್ದು

ಮೊನ್ನೆ ಕೋಟದ ಬಸ್ ಸ್ಟಾಪಿನಲ್ಲಿ ಕುಂದಾಪುರದ ಬಸ್ಸಿಗೆ ಕಾಯುತ್ತಿದ್ದೆ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಹಿಂದೆ ರಾಶಿ ಬಲೆ ಹೇರಿಕೊಂಡ ಒಂದು ಗೂಡ್ಸ್ ರಿಕ್ಷಾ ನನ್ನೆದುರೇ ಬಂದು ನಿಂತಿತು. ಚಾಲಕ ಇಳಿದು ಅಂಗಡಿಗೆ ಹೋದ. ನೆನೆದ ನೈಲಾನು, ಹಳೆಯ ಮೀನು, ಸೀಮೆಎಣ್ಣೆ, ಇವೆಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ಬೇರೆಯವರು ಸೆರಗು, ಕರವಸ್ತ್ರ ಹಿಡಿದು ಆಚೆ ಸರಿದರು. ನಾನು ಮಾತ್ರ ಅಲ್ಲೇ ನಿಂತೆ. ನನ್ನ ಬಸ್ಸು ಬಂದು, ನಿಂತು, ಹೋದದ್ದು ಆಮೇಲೆ ಗೊತ್ತಾಯಿತು.

ಆ ವಾಸನೆಯ ಒಂದು ಮಳೆಗಾಲ ನನ್ನ ಬದುಕಿನಲ್ಲಿ ಆಗಿಹೋಗಿದೆ. ಅದಕ್ಕೆ ಈಗ ಆರು ವರ್ಷ. ನಾನು ಮದುವೆಯಾಗಿ ಬಂದು ವರ್ಷ ತುಂಬಿತ್ತಷ್ಟೇ. ತವರು ಬ್ರಹ್ಮಾವರದ ಹತ್ತಿರ, ಹೊಳೆಯ ಬದಿ. ಗಂಡನ ಮನೆ ಕೋಟೇಶ್ವರದಿಂದ ಪಡುವಣಕ್ಕೆ, ಕಡಲಿಗೆ ಬೆನ್ನು ಕೊಟ್ಟು ನಿಂತ ಹಂಚಿನ ಮನೆ. ಮನೆಯಲ್ಲಿ ನಾವು ಐದು ಜನ. ಅತ್ತೆ, ನನ್ನ ಗಂಡ ಚಂದ್ರ, ಅವರ ಅಣ್ಣ ನಾರಾಯಣ ಬಾವ, ತಂಗಿ ಶ್ಯಾಮಲ, ಮತ್ತೆ ನಾನು, ಗುಲಾಬಿ. ಬಾವನಿಗೆ ಮದುವೆಯಾಗಿರಲಿಲ್ಲ. ಮಾವ ನಾನು ಬರುವ ಮೊದಲೇ ತೀರಿಹೋಗಿದ್ದರು. ಅವರು ಮನೆಯ ದೈವದ ಪಾತ್ರಿಯಾಗಿದ್ದರಂತೆ. ಅವರ ಮೇಲೆ ದರ್ಶನ ಬಂದಾಗ ಬೈಂದೂರಿನಿಂದಲೂ ಜನ ಬಂದು ಕೈಮುಗಿದು ಪ್ರಶ್ನೆ ಕೇಳುತ್ತಿದ್ದರಂತೆ. ಅವರು ಹೋದ ಮೇಲೆ ದೈವ ಯಾರ ಮೈಮೇಲೂ ಬಂದಿರಲಿಲ್ಲ. ಇವತ್ತಲ್ಲ ನಾಳೆ ಈ ಮನೆಯವರ ಮೇಲೇ ಬಂದೀತೆಂದು ಊರವರು ಕಾಯುತ್ತಿದ್ದರು.

ಜೂನ್ ತಿಂಗಳಲ್ಲಿ ಕಡಲಿಗಿಳಿಯುವ ಹಾಗಿಲ್ಲ. ದೋಣಿಗಳನ್ನು ಮೇಲೆ ಎಳೆದು, ತೆಂಗಿನ ಗರಿ ಹೊದೆಸಿ ಮಲಗಿಸಿರುತ್ತಾರೆ. ಗಂಡಸರೂ ಹಾಗೇ ಮಲಗಿರುತ್ತಾರೆ. ವರ್ಷವಿಡೀ ಮನೆಯಲ್ಲಿ ಕಾಣಿಸದ ನನ್ನ ಗಂಡ, ಇವರು, ಆಗ ಎಲ್ಲಿ ನೋಡಿದರಲ್ಲಿ ಕಾಣಿಸುತ್ತಿದ್ದರು. ಜಗಲಿಯಲ್ಲಿ ಇವರ ಕಾಲು, ಅಡುಗೆಮನೆಯಲ್ಲಿ ಇವರ ತಲೆ. ನನಗಂತೂ ಸಂತೋಷವೇ, ಹೊಸ ಮದುವೆ. ಮಳೆ ಒಂದೇ ಸಮನೆ ಸುರಿದು, ಕಡಲು ಒಂದೇ ಸಮನೆ ಗುಂಯ್ ಎಂದು, ಹೊತ್ತು ಎಲ್ಲಿ ಹುಟ್ಟಿ ಎಲ್ಲಿ ಮುಳುಗಿತೆಂದು ತಿಳಿಯುತ್ತಿರಲಿಲ್ಲ. ಬೆಳಿಗ್ಗೆಯೂ ಅದೇ ಬೂದಿ ಬಣ್ಣದ ಬೆಳಕು, ಸಂಜೆಯೂ ಅದೇ. ಒಣಗದ ಬಟ್ಟೆಯ ಕೆಳಗೆ ಬಗ್ಗಿ ಓಡಾಡುತ್ತಾ ನಾವೆಲ್ಲ ಅರೆನಿದ್ದೆಯಲ್ಲೇ ಇದ್ದೆವು. ಆ ತಿಂಗಳನ್ನು ನೆನೆದರೆ ನನಗೆ ಬೇರೆ ಬೇರೆ ದಿನಗಳು ಕಾಣುವುದಿಲ್ಲ, ಉದ್ದನೆಯ ಒಂದು ಮಧ್ಯಾಹ್ನ ಕಾಣುತ್ತದೆ.

ಆ ಮಧ್ಯಾಹ್ನದ ನಡುವೆ ಬಾವ ಕೂತಿರುತ್ತಿದ್ದರು. ಮನೆಯ ಪಕ್ಕದ ಬಲೆ ಶೆಡ್ಡಿನಲ್ಲಿ, ಕಾಲ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿಕೊಂಡು, ಸೂಜಿಯಲ್ಲಿ ಹರಿದ ಕಣ್ಣು ಕಟ್ಟುತ್ತಿದ್ದರು. ಒಂದು ಕಾಲದಲ್ಲಿ ಅವರು ದೊಡ್ಡ ಬೋಟನ್ನು ನಡೆಸುವ ತಾಂಡೇಲರು. ನೀರಿನ ಬಣ್ಣ ನೋಡಿ ಬಂಗುಡೆ ಮೀನು ಎಲ್ಲಿದೆ ಎನ್ನುತ್ತಿದ್ದರಂತೆ. ನನ್ನ ಮದುವೆಗೆ ಒಂದು ವರ್ಷ ಮೊದಲು, ಬೋಟಿನ ವಯರ್‌ಲೆಸ್ಸಿನಲ್ಲಿ ಯಾರೋ ತಮ್ಮ ಹೆಸರು ಹಿಡಿದು ಬೈಯುತ್ತಿದ್ದಾರೆಂದು ಅವರು ಹೇಳತೊಡಗಿದರು. ಮೊದಲು ಎಲ್ಲರೂ ನಕ್ಕರು. ಆಮೇಲೆ ವಯರ್‌ಲೆಸ್ಸು ಬಂದ್ ಇದ್ದಾಗಲೂ ಬೈಗುಳ ಕೇಳಿಸಿತು. ಒಂದು ದಿನ ಆ ಪೆಟ್ಟಿಗೆಯನ್ನೇ ಕಿತ್ತು ನೀರಿಗೆಸೆದರು. ಅಲ್ಲಿಗೆ ಅವರ ಕಡಲು ಮುಗಿಯಿತು.

ಇವರು ಹೇಗೋ ಮಾಡಿ ಅವರನ್ನು ಬ್ರಹ್ಮಾವರದ ಮನೋವೈದ್ಯರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಒಳ್ಳೆಯವರು. ಮಾತ್ರೆ ಉಗುಳಿಬಿಡುತ್ತಾರೆ ಎಂದದ್ದಕ್ಕೆ ಹನಿ ಮದ್ದು ಬರೆದುಕೊಟ್ಟರು. ಬಣ್ಣವಿಲ್ಲ, ವಾಸನೆಯಿಲ್ಲ, ನೀರಿನ ಹಾಗೆ. "ಅವರಿಗೆ ಹೇಳಿಯೇ ಕೊಡಿ" ಎಂದು ಎರಡೆರಡು ಸಲ ಹೇಳಿದರಂತೆ. ಹೇಳಿ ಕೊಟ್ಟರೆ ಬಾವ ಬಾಯಿ ತೆರೆಯಲಿಲ್ಲ. "ನಂಗೆಂತ ಆಯ್ತ್? ಮದ್ದ್ ಬೇಕಾದ್ದ್ ನಿಮ್ಗೆ" ಎಂದರು. ಆಗ ಅತ್ತೆ ಒಂದು ದಾರಿ ಹುಡುಕಿದರು. ಬಾಟಲಿಯನ್ನು ಅಡುಗೆಮನೆಯ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟರು.

ನಾನು ಬಂದು ಎರಡು ಮೂರು ತಿಂಗಳಾದ ಮೇಲೆ ಆ ಕೆಲಸ ನನ್ನ ಕೈಗೆ ಬಂತು. ಬಾವನ ಬೆಳಗಿನ ಕಾಫಿಗೆ ಬಾಟಲಿಯ ಜತೆ ಬಂದ, ಗೆರೆ ಹಾಕಿದ ಫಿಲ್ಲರಿನಲ್ಲಿ ಅಳೆದು ಹಾಕಬೇಕು, ಚೆನ್ನಾಗಿ ಕದಡಬೇಕು. ಅತ್ತೆ ಇದನ್ನು ಹೇಳಿಕೊಟ್ಟದ್ದೂ ಬಾಯಿಬಿಟ್ಟಲ್ಲ. ಒಂದು ಬೆಳಿಗ್ಗೆ ಡಬ್ಬಿ ತೆರೆದು, ಅಳೆದು, ಹಾಕಿ, ನನ್ನ ಮುಖ ನೋಡಿದರು. ಮಾರನೇ ದಿನ ಫಿಲ್ಲರನ್ನು ನನ್ನ ಕೈಗೆ ಕೊಟ್ಟರು. ಆ ಮನೆಯಲ್ಲಿ ಯಾರೂ ಆ ಬಾಟಲಿಯ ಹೆಸರೆತ್ತುತ್ತಿರಲಿಲ್ಲ. ಇವರು ಬ್ರಹ್ಮಾವರಕ್ಕೆ ಹೋಗಿ ಹೊಸದನ್ನು ತಂದರೂ ಸುಮ್ಮನೆ ಅಕ್ಕಿಯೊಳಗೆ ತುರುಕಿ ಬಿಡುತ್ತಿದ್ದರು. ಗೋಡೆಗೆ ಕೇಳಿದರೆ ಬಾವನಿಗೂ ಕೇಳೀತೆಂಬ ಹೆದರಿಕೆ. ಹೀಗೆ ಬಾವನಿಂದ ಮುಚ್ಚಿಟ್ಟ ಗುಟ್ಟನ್ನು ನಾವು ಒಬ್ಬರಿಗೊಬ್ಬರೂ ಮುಚ್ಚಿಡುವುದನ್ನು ಕಲಿತುಬಿಟ್ಟಿದ್ದೆವು.

ಆದರೆ ಮದ್ದು ಹಿಡಿಯಿತು. ಎಂಟು ತಿಂಗಳಲ್ಲಿ ಬಾವ ಬೇರೆಯೇ ಮನುಷ್ಯರಾದರು. ನಿದ್ದೆ ಬಂತು, ನಗು ಬಂತು. ಗುಣವಾದರೆ ಬರುತ್ತೇನೆಂದು ಕೊಲ್ಲೂರಮ್ಮನಿಗೆ ತಾವೇ ಹೇಳಿಕೊಂಡಿದ್ದರಂತೆ. ಬೇಸಿಗೆಯಲ್ಲಿ ಒಬ್ಬರೇ ಬಸ್ಸು ಹತ್ತಿ ಹೋಗಿ, ಕುಂಕುಮ ತಂದು ನಮಗೆಲ್ಲ ಕೊಟ್ಟರು. "ಕಂಡ್ರ್ಯಾ? ಒಂದ್ ಹನಿ ಮದ್ದ್ ಕುಡೀದೆ ಹುಷಾರಾದೆ" ಎಂದರು. ಅತ್ತೆ ಕುಂಕುಮವನ್ನು ಕಣ್ಣಿಗೊತ್ತಿಕೊಂಡರು. ನಾನು ನೆಲ ನೋಡಿದೆ.

ಜೂನಿನಲ್ಲಿ ಶ್ಯಾಮಲಳಿಗೆ ಬೈಂದೂರಿನ ಕಡೆಯಿಂದ ಸಂಬಂಧ ಬಂತು. ಹುಡುಗನಿಗೆ ಮೀನಿನ ವ್ಯಾಪಾರ, ಒಳ್ಳೆಯ ಜನ. ಶುಭಕಾರ್ಯಕ್ಕಾಗದ ಆಸಾಡಿ ತಿಂಗಳು ಹಿಡಿಯುವ ಮೊದಲೇ ಹೆಣ್ಣು ನೋಡಿ ಹೋಗುತ್ತೇವೆ ಎಂದು ಫೋನು ಮಾಡಿದರು. ಬಾವನ ವಿಷಯ ಅವರಿಗೆ ಗೊತ್ತಿರಲಿಲ್ಲ. ಹೇಳುವುದಾ ಬೇಡವಾ ಎಂದು ಕೂಡ ನಾವು ಮಾತಾಡಲಿಲ್ಲ. ಶ್ಯಾಮಲ ನನಗಿಂತ ಎರಡೇ ವರ್ಷಕ್ಕೆ ಚಿಕ್ಕವಳು. ಹಿಂದೆ ಎರಡು ಸಂಬಂಧ, ಯಾರು ಏನು ಹೇಳಿದರೋ, ಬಾಗಿಲವರೆಗೆ ಬಂದು ಹಿಂದೆ ಹೋಗಿದ್ದವು. ಅವರು ಬರುವ ವಾರ ಬಾವ ಎರಡು ದಿನ ಶೆಡ್ಡಿನಲ್ಲಿ ತಮ್ಮಷ್ಟಕ್ಕೇ ಏನೋ ಗೊಣಗಿದರು. ಹಳೆಯ ಹಾಡೇ ಇರಬಹುದು. ನಮಗೆ ಮಾತ್ರ ವಯರ್‌ಲೆಸ್ಸಿನ ನೆನಪಾಯಿತು.

ಆ ದಿನ ಬೆಳಿಗ್ಗೆ ಕಾಫಿಗೆ ನಾನು ದಿನದ ಅಳತೆ ಹಾಕಿದೆ. ಹಾಕಿ, ಒಂದು ಗಳಿಗೆ ಯೋಚಿಸಿ, ಇನ್ನೂ ಸ್ವಲ್ಪ ಹಾಕಿದೆ. ಇವತ್ತೊಂದು ದಿನ ಸುಮ್ಮನಿದ್ದರೆ ಸಾಕು, ಸ್ವಲ್ಪ ಹೆಚ್ಚು ನಿದ್ದೆ ಬಂದೀತು, ಅಷ್ಟೇ ಅಲ್ಲವಾ ಎಂದುಕೊಂಡೆ. ಹೊಸ ಬಾಟಲಿ, ಕುತ್ತಿಗೆಯವರೆಗೆ ತುಂಬಿತ್ತು. ಡಬ್ಬಿಯ ಮುಚ್ಚಳ ಹಾಕಿ ಅವಲಕ್ಕಿ ಒಗ್ಗರಣೆಗೆ ಕೂತೆ.

ಆಮೇಲೆ ಆ ಮುಚ್ಚಳದ ಸದ್ದು ಮತ್ತೆ ಮೂರು ಸಲ ಕೇಳಿತು. ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಇಷ್ಟು ಸಲ ಅಕ್ಕಿ ಯಾರಿಗೆ ಬೇಕಾಯಿತೆಂದು ಒಳಗೊಳಗೇ ನಕ್ಕಿದ್ದೆ. ಹತ್ತು ಗಂಟೆಗೆ ಅತ್ತೆ ಬಾವನ ಗಂಜಿ ಬಡಿಸುವ ಮುಂಚೆ ಒಮ್ಮೆ ಕೇಳಿತು. ಹನ್ನೆರಡರ ಹೊತ್ತಿಗೆ ಇವರು ಅಣ್ಣನಿಗೆಂದು ಶರಬತ್ತು ಕಲಸಿಕೊಂಡು ಹೋದಾಗ ಒಮ್ಮೆ ಕೇಳಿತು. ಮೂರು ಗಂಟೆಗೆ ನಾನು ಹಿತ್ತಿಲಲ್ಲಿ ತಟ್ಟೆ ತೊಳೆಯುತ್ತಿದ್ದಾಗ, ಶ್ಯಾಮಲ ಅಣ್ಣನಿಗೆ ಬಟ್ಟಲಲ್ಲಿ ಪಾಯಸ ತೆಗೆದಳು. ಆಗಲೂ ಕೇಳಿತು. ಮದುವೆಯಾಗಬೇಕಾದ ಹುಡುಗಿ, ಮುಡಿದ ಮಲ್ಲಿಗೆ ಅಲುಗದ ಹಾಗೆ ಮೆಲ್ಲನೆ ನಡೆದು ಹೋಗಿ ಅಣ್ಣನಿಗೆ ಪಾಯಸ ಕೊಟ್ಟು ಬಂದಳು.

ನಾಲ್ಕು ಗಂಟೆಗೆ ಅವರು ಬಂದರು. ಒಂದು ಓಮ್ನಿ ವ್ಯಾನಿನಲ್ಲಿ ಆರು ಜನ. ಹುಡುಗನೇ ಓಡಿಸಿಕೊಂಡು ಬಂದಿದ್ದ. ಜತೆಯಲ್ಲಿ ಅವನ ದೊಡ್ಡಪ್ಪ, ಬಿಳಿ ಮೀಸೆಯ ಗಟ್ಟಿ ಮನುಷ್ಯ. ಬಾವನನ್ನು ಬಿಳಿ ಅಂಗಿ ಹಾಕಿಸಿ ಜಗಲಿಯ ಕುರ್ಚಿಯಲ್ಲಿ ಕೂರಿಸಿದ್ದೆವು. ಅವರು ಊಟವಾದಾಗಿನಿಂದ ತೂಕಡಿಸುತ್ತಿದ್ದರು. ನಡೆಯುವಾಗ ಕೈ ಬೀಸುತ್ತಿರಲಿಲ್ಲ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದ ಹಾಗೆ ಗೋಡೆ ಹಿಡಿಯುತ್ತಿದ್ದರು. ಬಾಯಿಯ ಮೂಲೆಯಲ್ಲಿ ಜೊಲ್ಲು ಇಳಿಯುತ್ತಿತ್ತು. ಮಳೆ ಆಗ ಪರದೆ ಬಿಟ್ಟ ಹಾಗೆ ಸುರಿಯುತ್ತಿತ್ತು. ಒಳಗೆ ಕತ್ತಲು, ಊದುಬತ್ತಿ, ಮಲ್ಲಿಗೆ. ಶ್ಯಾಮಲ ಚಾ ಹಿಡಿದು ಹೊರಗೆ ಬಂದಳು.

ಅಷ್ಟರಲ್ಲಿ ಬಾವನ ತಲೆ ಮೆಲ್ಲನೆ ಒಂದು ಬದಿಗೆ ತಿರುಗಿತು. ತಿರುಗಿ ಅಲ್ಲಿಗೆ ನಿಲ್ಲಲಿಲ್ಲ. ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಹಿಂದಕ್ಕೆ, ಮೇಲಕ್ಕೆ ಹೋಯಿತು. ಕಣ್ಣು ಹಂಚಿನತ್ತ ಏರಿ ಅಲ್ಲೇ ನಿಂತಿತು, ಬಿಳಿಯಷ್ಟೇ ಕಾಣುತ್ತಿತ್ತು. ದವಡೆ ಬಿಗಿದು ನಾಲಿಗೆ ಹೊರಗೆ ಬಂತು. ಕೈಯ ಬೆರಳು ಮಡಚಿಕೊಂಡು ಮೈಯಿಡೀ ಮರದ ಹಾಗಾಯಿತು. ಗಂಟಲಿಂದ ಒಂದು ಸದ್ದು ಬರತೊಡಗಿತು.

ದೊಡ್ಡಪ್ಪ ಥಟ್ಟನೆ ಎದ್ದು ನಿಂತು ಹೆಗಲ ಶಾಲನ್ನು ಸೊಂಟಕ್ಕೆ ಕಟ್ಟಿಕೊಂಡರು. "ಬಂತ್... ಅಪ್ಪನ ಮೇಲ್ ಬಪ್ಪುದ್ ಮಗನ ಮೇಲ್ ಬಂತ್! ಯಾರೂ ಮುಟ್ಬೇಡಿ!" ಎಂದರು. ಬಂದವರೆಲ್ಲ ಎದ್ದು ಕೈಮುಗಿದರು. ಪಕ್ಕದ ಮನೆಯವರೂ ಅಂಗಳಕ್ಕೆ ಓಡಿ ಬಂದರು.

ನಾನು ಅತ್ತೆಯ ಮುಖ ನೋಡಿದೆ. ಆ ಮುಖದಲ್ಲಿ ಮೊದಲು ಹೆದರಿಕೆ, ಆಮೇಲೆ ಗೊಂದಲ, ಆಮೇಲೆ ಒಂದು ಬೆಳಕು. ಅವರನ್ನು ನಾನು ಇವತ್ತಿಗೂ ಬೈಯಲಾರೆ. ಎರಡು ವರ್ಷ ಮಗನಿಗೆ ಹುಚ್ಚು ಎಂಬ ಮಾತು ಯಾರ ಬಾಯಿಂದ ಬಿದ್ದೀತೋ ಎಂದು ಜೀವ ಹಿಡಿದುಕೊಂಡು ಬದುಕಿದ ಹೆಂಗಸು. ಈಗ ಮನೆ ತುಂಬ ಜನ ಅದನ್ನು ದೈವ ಎನ್ನುತ್ತಿದ್ದಾರೆ. ಯಾವ ತಾಯಿಗೆ ಬೇಡವಾದೀತು? ಅವರು ಒಳಗೆ ಓಡಿ ದೇವರ ಮುಂದಿನಿಂದ, ದರ್ಶನದಲ್ಲಿ ಪಾತ್ರಿ ಹಿಡಿಯುವ ಅಡಿಕೆ ಹೂವಿನ ಹಿಂಗಾರದ ಎಸಳು ತಂದು ಬಾವನ ಬಿಗಿದ ಬೆರಳ ಸಂದಿಗೆ ಸಿಕ್ಕಿಸಿದರು. ಬೆರಳು ಅದನ್ನು ಹಿಡಿದುಕೊಂಡಿತು. ಬಿಡುವುದು ಅವುಗಳ ಕೈಯಲ್ಲಿ ಇರಲಿಲ್ಲ.

ದೊಡ್ಡಪ್ಪ ಮುಂದೆ ಬಂದು ಬಾಗಿದರು. "ಸ್ವಾಮಿ, ಈ ಸಂಬಂಧ ಮುಂದರ್ಸುದಾ? ಅಪ್ಪಣೆ ಆಯ್ಕ್" ಎಂದು ಕೇಳಿದರು. ಬಾವನ ಗಂಟಲಿಂದ "ಹಾ... ಹಾ..." ಎಂದು ಬಂತು. "ಅಪ್ಪಣೆ ಆಯ್ತ್!" ಎಂದು ದೊಡ್ಡಪ್ಪ ಎಲ್ಲರ ಕಡೆಗೆ ತಿರುಗಿದರು. ಹೆಂಗಸರು ಶ್ಯಾಮಲಳ ತಲೆ ಸವರಿದರು. ಇವರು ಕಂಬಕ್ಕೆ ಒರಗಿ ಕಣ್ಣೊರೆಸಿಕೊಂಡರು. ಎಲ್ಲ ಕನಸಿನಲ್ಲಿ ನಡೆದ ಹಾಗಿತ್ತು. ಮಳೆಯ ಸದ್ದು ಬಿಟ್ಟು ಬೇರೆ ಸದ್ದು ದೂರದಲ್ಲೆಲ್ಲೋ ಕೇಳುತ್ತಿತ್ತು. ಒಂದು ಗಳಿಗೆ ನನಗೂ ಅನಿಸಿತು, ಹೌದಿರಬಹುದು, ಇದ್ದರೆ ಎಷ್ಟು ಚೆಂದ.

ಆಗ ಬಾವನ ಕಣ್ಣಿನಿಂದ ನೀರಿಳಿದದ್ದು ನೋಡಿದೆ. ಕಣ್ಣಗುಡ್ಡೆ ಮೇಲೇ ಸಿಕ್ಕಿಕೊಂಡಿತ್ತು, ನೀರು ಮಾತ್ರ ಕಿವಿಯ ಕಡೆಗೆ ಹರಿಯುತ್ತಿತ್ತು. ಅವರಿಗೆ ಎಚ್ಚರವಿತ್ತು. ಎಲ್ಲವೂ ಕೇಳುತ್ತಿತ್ತು, ಎಲ್ಲವೂ ಗೊತ್ತಾಗುತ್ತಿತ್ತು. ಜೊಲ್ಲು ಗಂಟಲಿಗೆ ಇಳಿದು ಉಸಿರು ಗೊರಗೊರ ಎನ್ನುತ್ತಿತ್ತು. ಅಷ್ಟು ಜನ ಸುತ್ತ ನಿಂತಿದ್ದರು, ಒಬ್ಬರೂ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ನಾನು ಸುರಿದ ಆ ಹೆಚ್ಚಿನ ಹನಿಗಳು ನನ್ನ ಕಣ್ಣ ಮುಂದೆ ಬಂದವು.

"ದೈವ ಅಲ್ಲ, ಮದ್ದ್!" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಬಾವನಿಗೆ ತಲೆಗೆ ಸಂಬಂಧದ ಮದ್ದ್ ಇತ್ತ್. ನಾನ್ ಇವತ್ತ್ ಕಾಫಿಗೆ ಜಾಸ್ತಿ ಹಾಕ್ದೆ. ಆಸ್ಪತ್ರೆಗೆ ಹೋಪ, ಬೇಗ ಬನ್ನಿ!"

ಅತ್ತೆ ನನ್ನ ತೋಳು ಹಿಡಿದು, "ಬಾಯ್ ಮುಚ್ಚೆ ಹೆಣ್ಣೆ. ನನ್ ಮಗಳ ಬದ್ಕ್ ಹಾಳ್ ಮಾಡ್ಬೇಡ" ಎಂದರು. ಸಿಟ್ಟಿನಲ್ಲಲ್ಲ, ಬೇಡಿಕೊಳ್ಳುವ ಹಾಗೆ ಹೇಳಿದರು. ನಾನು ಶ್ಯಾಮಲಳನ್ನು ನೋಡಿದೆ. ಅವಳು ಚಾದ ತಟ್ಟೆಯನ್ನು ಕೆಳಗಿಟ್ಟು ಅಣ್ಣನನ್ನೇ ನೋಡುತ್ತಿದ್ದಳು. ಗಂಡನ ಅಣ್ಣನನ್ನು ಸೊಸೆಯಾದವಳು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ದರ್ಶನ ಬಂದವರನ್ನಂತೂ ಯಾರೂ ಮುಟ್ಟುವಂತಿಲ್ಲ. ನಾನು ಹೋಗಿ ಅವರ ಎರಡೂ ಕಂಕುಳಿಗೆ ಕೈಹಾಕಿ ಕುರ್ಚಿಯಿಂದ ಇಳಿಸಿ, ಮಗ್ಗುಲಾಗಿ ಮಲಗಿಸಿದೆ. ಬಾಯಿಯಿಂದ ಒಂದು ಲೋಟದಷ್ಟು ಜೊಲ್ಲು ಹೊರಗೆ ಬಂತು. ಎದೆಯ ಮೇಲೆ ಕೈಯಿಟ್ಟರೆ ಒಳಗೆ ಬಡಿತ ಓಡುತ್ತಿತ್ತು, ಎಣಿಸುವ ಹಾಗಿರಲಿಲ್ಲ.

ದೊಡ್ಡಪ್ಪ ಎರಡು ಹೆಜ್ಜೆ ಹಿಂದೆ ಸರಿದರು. ಮುಂದೆ ಬಂದದ್ದು ಹುಡುಗ. ಎತ್ತುವುದಕ್ಕೆಂದು ಬಾವನ ಕಾಲ ಕಡೆ ಹಿಡಿದುಕೊಂಡ. ಇವರು ತಲೆಯ ಕಡೆ ಹಿಡಿದರು. ನಾನು ಒಳಗೆ ಓಡಿ ಅಕ್ಕಿಯೊಳಗೆ ಕೈಹಾಕಿ ಬಾಟಲಿ ತೆಗೆದೆ. ಬೆಳಿಗ್ಗೆ ತುಂಬಿದ್ದ ಬಾಟಲಿಯಲ್ಲಿ ಅರ್ಧವೂ ಉಳಿದಿರಲಿಲ್ಲ. ಏನು, ಹೇಗೆ ಎಂದು ಆಗ ತಲೆಗೆ ಹೋಗಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡು ಓಮ್ನಿ ಹತ್ತಿದೆ. ಅತ್ತೆಯೂ ಶ್ಯಾಮಲಳೂ ಹತ್ತಿದರು. ಹುಡುಗ ಕುಂದಾಪುರದ ಆಸ್ಪತ್ರೆಯ ಬಾಗಿಲವರೆಗೆ ಹಾರ್ನಿನಿಂದ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿದ್ದದ್ದು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಒಂದು ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ, ನಮ್ಮ ಕಣ್ಣೆದುರೇ, ಬಾವನ ಕತ್ತು ಸಡಿಲವಾಯಿತು. ನಾಲಿಗೆ ಒಳಗೆ ಹೋಯಿತು, ಕಣ್ಣು ಕೆಳಗಿಳಿಯಿತು. ಬೆರಳಿಂದ ಹಿಂಗಾರ ಜಾರಿ ನೆಲಕ್ಕೆ ಬಿತ್ತು. ಅತ್ತೆ ಅದನ್ನು ಹೆಕ್ಕಲಿಲ್ಲ. ಅಲ್ಲಿಯವರೆಗೂ ಅವರ ಮನಸ್ಸಿನ ಒಂದು ಮೂಲೆ ದೈವ ಎಂದೇ ನಂಬಿತ್ತೇನೋ.

"ಮದ್ದು ಹೆಚ್ಚಾಗಿ ಸ್ನಾಯು ಬಿಗಿದದ್ದು. ಇದಕ್ಕೆ ನನಗೆ ಭಯ ಇಲ್ಲ" ಎಂದರು ಡಾಕ್ಟರು. "ಬಿ.ಪಿ. ತುಂಬಾ ಕೆಳಗಿದೆ, ಹಾರ್ಟಿನ ಬಡಿತ ಸರಿ ಇಲ್ಲ. ಅದು ತಾಳ ತಪ್ಪಿದರೆ ಕಷ್ಟ. ಎರಡು ದಿನ ಕಣ್ಣಿಟ್ಟು ನೋಡಬೇಕು. ಒಟ್ಟು ಎಷ್ಟು ಹೋಗಿದೆ, ಸರಿಯಾಗಿ ಹೇಳಿ. ನಾನು ಬೈಯುವುದಿಲ್ಲ."

ನಾನು ನನ್ನ ಲೆಕ್ಕ ಹೇಳಿದೆ. ಅವರು ಬಾಟಲಿ ನೋಡಿ ತಲೆಯಾಡಿಸಿದರು. "ಇಷ್ಟರಿಂದ ಹೀಗಾಗುವುದಿಲ್ಲ. ಅರ್ಧ ಬಾಟಲಿ ಖಾಲಿ ಇದೆ."

ಮಂಚದ ಪಕ್ಕ ನಿಂತ ಅತ್ತೆ ಸೆರಗು ಬಾಯಿಗಿಟ್ಟುಕೊಂಡು, "ಗಂಜಿಗೆ ನಾನೂ ಹಾಕ್ದೆ" ಎಂದರು. ಇವರು ಗೋಡೆ ನೋಡುತ್ತಾ, "ಶರಬತ್ತಿಗೆ ನಾನ್ ಹಾಕಿದ್ದೆ, ಅಂದಾಜಿಗೆ" ಎಂದರು. ಕೊನೆಗೆ ಶ್ಯಾಮಲ, ಮಲ್ಲಿಗೆ ಮುಡಿದ ತಲೆ ತಗ್ಗಿಸಿ, "ಪಾಯಸಕ್ಕೆ ನಾನೂ ಹಾಕ್ದೆ ಅತ್ತಿಗೆ" ಎಂದು ನನಗೆ ಹೇಳಿದಳು, ಡಾಕ್ಟರಿಗಲ್ಲ. ಮೂರು ಸಲ ಕೇಳಿದ ಮುಚ್ಚಳದ ಸದ್ದಿಗೆ ನಾನು ನಕ್ಕಿದ್ದೆನಲ್ಲ. ಒಂದು ಸಲ ಎದ್ದು, ಯಾರದು, ಎಂತಕ್ಕೆ ಎಂದು ಕೇಳಿದ್ದರೆ ಸಾಕಿತ್ತು.

ಡಾಕ್ಟರು ಬರೆದುಕೊಳ್ಳುತ್ತಿದ್ದರು. ನಾನು ಬಾವನ ಕಡೆ ನೋಡಿದೆ. ಕಣ್ಣು ಅರ್ಧ ತೆರೆದಿತ್ತು. ಒಬ್ಬೊಬ್ಬರನ್ನೇ ನೋಡಿದರು, ತಾಯಿಯನ್ನು, ತಮ್ಮನನ್ನು, ತಂಗಿಯನ್ನು, ನನ್ನನ್ನು. ದಪ್ಪವಾದ ನಾಲಿಗೆಯಲ್ಲಿ, "ಇವತ್ತ್ ಮಾತ್ರವಾ?" ಎಂದು ಕೇಳಿದರು. ಅತ್ತೆ ಬಗ್ಗಿ ಅವರ ಹೊದಿಕೆ ಸರಿಮಾಡತೊಡಗಿದರು. ಬಾವ ಮುಖ ಆಚೆ ತಿರುಗಿಸಿದರು.

ಎರಡು ದಿನ ಮಾನಿಟರಿನ ಗೆರೆ ನೋಡುತ್ತಾ ಕೂತೆ. ಅದು ಏರಿ ಇಳಿದು, ನಡುವೆ ಒಂದು ಕಡೆ ತಡವರಿಸಿ, ಮತ್ತೆ ಏರುತ್ತಿತ್ತು. ಕಿಟಕಿಯ ಹೊರಗೆ ಮಳೆ. ದೇವರೇ, ಇವರೊಬ್ಬರು ಉಳಿಯಲಿ, ಇನ್ನೆಂದೂ ಯಾರ ಊಟಕ್ಕೂ ಏನನ್ನೂ ಕದ್ದು ಹಾಕುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಮೂರನೆಯ ದಿನ ಗೆರೆ ಸಮವಾಯಿತು. ಬೈಂದೂರಿನವರು ಆಗಲೇ ಫೋನಿನಲ್ಲಿ ಬೇಡ ಎಂದಿದ್ದರು. ನನ್ನಿಂದಲೇ ಅದು ಮುರಿದದ್ದು. ಶ್ಯಾಮಲ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಬಾವ ಮನೆಗೆ ಬಂದರು, ಆದರೆ ಮನೆಯೊಳಗೆ ಬರಲಿಲ್ಲ. ಚಾಪೆ ಎತ್ತಿಕೊಂಡು ಬಲೆ ಶೆಡ್ಡಿಗೆ ಹೋದರು. ಅತ್ತೆ ಗಂಜಿ ಕೊಂಡುಹೋದರು. ಬಾವ ಬಟ್ಟಲನ್ನು ನೋಡಿದರು, ತಾಯಿಯ ಮುಖ ನೋಡಿದರು, ಗಂಜಿಯನ್ನು ಮೆಲ್ಲನೆ ತೆಂಗಿನ ಬುಡಕ್ಕೆ ಚೆಲ್ಲಿ, ಬಟ್ಟಲು ತೊಳೆದು ಹಿಂದೆ ಕೊಟ್ಟರು. ಬೈಗುಳ ಇಲ್ಲ, ಕೂಗಾಟ ಇಲ್ಲ. ಆವತ್ತಿನಿಂದ ಅವರು ಸಿಪ್ಪೆ ಇರುವುದನ್ನು ಮಾತ್ರ ತಿಂದರು. ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಬೇಯಿಸಿದ ಗೆಣಸು, ತಾವೇ ಕೆತ್ತಿದ ಎಳನೀರು. ಬಾಳೆಹಣ್ಣನ್ನು ಸುಲಿಯುವ ಮೊದಲು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು, ಎಲ್ಲಾದರೂ ಸೂಜಿ ಚುಚ್ಚಿದ ಗುರುತು ಇದೆಯೋ ಎಂದು. ಅದನ್ನು ನೋಡಿದ ದಿನ ನಾನು ಹಿತ್ತಿಲಿಗೆ ಹೋಗಿ ಚೆನ್ನಾಗಿ ಅತ್ತುಬಿಟ್ಟೆ.

ಮದ್ದು ನಿಂತಿತ್ತು. ಹಾರ್ಟು ಸುಧಾರಿಸುವವರೆಗೆ ಬೇಡ, ಆದರೆ ಆಮೇಲೆ ಹೊಸದಾಗಿ ಶುರು ಮಾಡಲೇಬೇಕು, ಇಲ್ಲವಾದರೆ ಕಾಯಿಲೆ ಹಿಂದೆ ಬರುತ್ತದೆ ಎಂದು ಬ್ರಹ್ಮಾವರದ ಡಾಕ್ಟರು ಹೇಳಿದ್ದರು. ನಾವು ನಾಲ್ವರೂ ಶೆಡ್ಡಿನ ಕಡೆ ಕಿವಿ ಕೊಟ್ಟು ಬದುಕುತ್ತಿದ್ದೆವು. ಜುಲೈ ನಡುವಿಗೆ ಬರುವ ಹೊತ್ತಿಗೆ ಗೊಣಗು ಶುರುವಾಯಿತು. ಈ ಸಲ ಹಳೆಯ ಹಾಡಲ್ಲ. ಯಾರಿಗೋ ಉತ್ತರ ಕೊಡುತ್ತಿದ್ದರು. ಬಾವ ಮತ್ತೆ ಮುಳುಗುತ್ತಿದ್ದಾರೆ, ಕೈ ಚಾಚಿದರೆ ಹಿಡಿಯುವುದಿಲ್ಲ, ಹಿಡಿಯದ ಹಾಗೆ ಮಾಡಿದವರು ನಾವೇ. ಅತ್ತೆ ಒಮ್ಮೆ ಬಾಳೆಹಣ್ಣಿನ ಗೊನೆಯನ್ನೂ ಉಳಿದ ಮದ್ದಿದ್ದ ಅಕ್ಕಿ ಡಬ್ಬಿಯನ್ನೂ ಒಟ್ಟಿಗೆ ನೋಡುತ್ತಾ ನಿಂತಿದ್ದರು. ನಾನು "ಬ್ಯಾಡ ಅತ್ತೆ" ಎಂದೆ. ಅವರು ಅಲ್ಲೇ ನೆಲದಲ್ಲಿ ಕೂತುಬಿಟ್ಟರು.

ಮಾರನೇ ದಿನ ನಾನು ಬ್ರಹ್ಮಾವರಕ್ಕೆ ಹೋಗಿ ಡಾಕ್ಟರ ಹತ್ತಿರ ಎಲ್ಲ ಹೇಳಿದೆ. ಹೊಸ ಚೀಟಿ ಬರೆದುಕೊಟ್ಟರು. ಸೀಲು ಒಡೆಯದ ಬಾಟಲಿ ತಂದು, ಶೆಡ್ಡಿಗೆ ಹೋಗಿ, ಬಾವನ ಮುಂದೆ ಬಲೆಯ ಮೇಲೆ ಇಟ್ಟೆ.

"ಇದೇ ಆ ಮದ್ದ್ ಬಾವ. ಎಂಟ್ ತಿಂಗ್ಳ್ ನಿಮ್ಗೆ ಹೇಳ್ದೆ ಕಾಫಿಯಲ್ಲ್ ಹಾಕಿದ್ದ್ ನಾನ್. ತಪ್ಪಾಯ್ತ್. ಸೀಲ್ ಕಾಣಿ, ಯಾರೂ ಮುಟ್ಲಿಲ್ಲೆ."

ಬಾವ ತುಂಬ ಹೊತ್ತು ಸೂಜಿ ಆಡಿಸುತ್ತಲೇ ಇದ್ದರು. ನಾನು ಎದ್ದು ಹೋಗಬೇಕೆನ್ನುವಷ್ಟರಲ್ಲಿ ಕೇಳಿದರು, "ಎಂಟ್ ತಿಂಗ್ಳ್ ನಾನ್ ಹುಷಾರಿದ್ದೆ ಅಂದ್ಕಂಡಿದ್ದೆ. ಅದ್ ನಾನಲ್ದಾ ಹಾಂಗಾರೆ?"

ಕೊಲ್ಲೂರಿನ ಕುಂಕುಮ ಹಂಚಿದ ಆ ಮುಖ ನನಗೆ ನೆನಪಾಯಿತು. "ಹುಷಾರಾದ್ದ್ ನೀವೇ ಬಾವ" ಎಂದೆ. "ಜ್ವರಕ್ಕೆ ಮದ್ದ್ ಕುಡ್ದ್ರೆ ಜ್ವರ ಬಿಡುದ್ ಯಾರಿಗೆ? ನಾವ್ ಹೇಳ್ಲಿಲ್ಲೆ, ಅದ್ ನಮ್ ತಪ್ಪ್."

ಬಾವ ಮತ್ತೆ ಬಲೆಯ ಕಡೆ ಬಗ್ಗಿದರು. ನಾನು ಬಾಟಲಿಯನ್ನು ಅಲ್ಲೇ ಬಿಟ್ಟು ಬಂದೆ. ನಾಲ್ಕೈದು ದಿನ ಅದು ಹಾಗೇ ಇತ್ತು. ಒಮ್ಮೆ ಬಲೆಯ ಮೇಲೆ, ಒಮ್ಮೆ ಕಿಟಕಿಯಲ್ಲಿ, ಒಮ್ಮೆ ಅವರ ದಿಂಬಿನ ಹತ್ತಿರ ಕಾಣುತ್ತಿತ್ತು. ಸೀಲು ಮಾತ್ರ ಒಡೆದಿರಲಿಲ್ಲ.

ಒಂದು ಬೆಳಿಗ್ಗೆ ಮಳೆ ಬಿಟ್ಟು ಹೊಳವಾಗಿ, ನೆಲದಿಂದ ಹಬೆ ಏಳುತ್ತಿತ್ತು. ಶೆಡ್ಡಿನಿಂದ ಬಾವನ ಕೂಗು ಕೇಳಿತು. "ಹ್ವಾಯ್! ನಾಕೂ ಜನ ಬನ್ನಿ ಕಾಂಬ!"

ಹೋದೆವು. ಮೂರು ಕಲ್ಲಿನ ಒಲೆ ಹೂಡಿ, ತೆಂಗಿನ ಸಿಪ್ಪೆಯ ಬೆಂಕಿಯಲ್ಲಿ ಅವರು ಚಾ ಕಾಯಿಸಿದ್ದರು. ಮಣೆಯ ಮೇಲೆ ಸಾಲಾಗಿ ನಾಲ್ಕು ಲೋಟ, ಆಗಲೇ ತುಂಬಿಸಿಟ್ಟದ್ದು. ಪಕ್ಕದಲ್ಲಿ ಆ ಬಾಟಲಿ. ಅದರ ಸೀಲು ಒಡೆದಿತ್ತು.

"ಕೂಕಣಿ. ಚಾ ಕುಡೀನಿ" ಎಂದರು ಬಾವ.

ಕೂತೆವು. ಲೋಟ ಕೈಗೆ ತೆಗೆದುಕೊಂಡೆವು. ಯಾರೂ ಬಾಯಿಗೆ ಇಡಲಿಲ್ಲ. ಇವರು ಲೋಟದೊಳಗೆ ನೋಡಿದರು. ಶ್ಯಾಮಲ ಬಾಟಲಿಯ ಕಡೆ ನೋಡಿದಳು, ಎಷ್ಟು ಕಮ್ಮಿಯಾಗಿದೆ ಎಂದು. ನಾನೂ ಅದನ್ನೇ ನೋಡುತ್ತಿದ್ದೆ. ಬಾವ ನಗಲಿಲ್ಲ, ಸಿಟ್ಟಾಗಲಿಲ್ಲ. ಕಾಯುತ್ತಾ ಕೂತಿದ್ದರು.

ಮೊದಲು ಕುಡಿದದ್ದು ಅತ್ತೆ. ಸುಡುವ ಚಾವನ್ನು ಒಂದೇ ಗುಟುಕಿಗೆ ಕುಡಿದು, ಬಾಯಿ ಸುಟ್ಟು ಕಣ್ಣಲ್ಲಿ ನೀರು ತುಂಬಿಕೊಂಡು, ಖಾಲಿ ಲೋಟವನ್ನು ಮಗನಿಗೆ ತೋರಿಸಿದರು. ಆಮೇಲೆ ಇವರು ಕುಡಿದರು. ಆಮೇಲೆ ಶ್ಯಾಮಲ.

"ಚಾಪುಡಿ, ಸಕ್ರಿ, ಹಾಲ್. ಬೇರೆಂತದೂ ಹಾಕ್ಲಿಲ್ಲೆ" ಎಂದರು ಬಾವ. 'ನಾನು' ಎಂದು ಒತ್ತಿ ಹೇಳಲಿಲ್ಲ, ನಮಗೆ ಮಾತ್ರ 'ನಾನು ಹಾಕಲಿಲ್ಲ, ನೀವು ಹಾಕಿದಿರಿ' ಎಂದೇ ಕೇಳಿಸಿತು. ಆಮೇಲೆ ಬಾಟಲಿ ತೆಗೆದು, ಫಿಲ್ಲರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆಯವರೆಗೆ ಎಳೆದರು. ತಂಗಿಯ ಕಡೆ ಚಾಚಿ, "ಕಾಣ್, ಗೆರೆಗೆ ಸಮ ಇತ್ತಾ?" ಎಂದು ಕೇಳಿದರು. ಶ್ಯಾಮಲ ನೋಡಿ ಹೌದೆಂದು ತಲೆಯಾಡಿಸಿದಳು. ಒಂದು ಲೋಟ ತಿಳಿ ನೀರಿಗೆ, ನಮ್ಮೆಲ್ಲರ ಮುಂದೆ, ಆ ಹನಿಗಳನ್ನು ಬಿಟ್ಟು ನಿಧಾನವಾಗಿ ಕುಡಿದರು. ಕುಡಿದು ನನ್ನ ಕಡೆ ತಿರುಗಿದರು. ನನ್ನ ಲೋಟ ಆಗಲೂ ತುಂಬಿಯೇ ಇತ್ತು.

ಎಂಟು ತಿಂಗಳು ದಿನಾ ಬೆಳಿಗ್ಗೆ ಅವರಿಗೆ ಕಾಫಿ ಕೊಟ್ಟವಳು ನಾನು. ಒಂದು ದಿನವೂ ಅನುಮಾನಿಸದೆ ಅವರು ಕುಡಿದಿದ್ದರು. ನಾಲ್ವರಲ್ಲಿ ಕೊನೆಗೆ ಲೋಟ ಬಾಯಿಗೆ ಎತ್ತಿದವಳೂ ನಾನೇ.